ಮೂಗಿಗೆ ಮೂಗು ತಾಗಿಸುವ ಊರಿನಲ್ಲಿ ಬಾಯಿ ತೊಳೆಸುವಾಕೆ

ಕಡಲ ಮೇಲೆ ಬೆಳಕು ಹರಿಯುವ ಹೊತ್ತಿಗೆ ರೊಯ್ಮಾತಾ ತುಹೊರೊ ಹಲ್ಲುಜ್ಜುತ್ತಿದ್ದಾಳೆ, ತನ್ನದಲ್ಲ, ಊರಿನ ಹಿರಿಯರದ್ದು. ಲೋಟಗಳಲ್ಲಿ ಮುಳುಗಿರುವ ಕಟ್ಟಿಸಿದ ಹಲ್ಲುಗಳನ್ನು ಒಂದೊಂದಾಗಿ ಎತ್ತಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕುತ್ತಾಳೆ. ಸಿಂಕಿನೊಳಗೆ ಟವೆಲ್ ಹಾಸಿದೆ.

"ಜಾರಿ ಬಿದ್ದು ಮುರಿದ್ರೆ ನನ್ನ ಕಥೆ ಮುಗೀತು. ಹಲ್ಲಿಲ್ದೆ ಬೈದ್ರೆ ಯಾರೂ ಹೆದರಲ್ಲ ಅಂತ ಅಜ್ಜಿಯರಿಗೆ ಗೊತ್ತು" ಎಂದು ನಗುತ್ತಾಳೆ.

ಹಿರಿಯರ ಈ ವಸತಿಗೆ ಬರುವ ಮುಂಚೆ ಆಕೆ ಕುಂಬಳಕಾಯಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ಸೊಂಟ ಹಾಳುಮಾಡಿಕೊಂಡವಳು. "ಅಮ್ಮ ಕೊನೆಗಾಲದಲ್ಲಿ ಯಾರ ಮುಖಾನೂ ಹತ್ರ ಬಿಟ್ಕೊಳ್ಳಲಿಲ್ಲ. ಬಾಯಿ ನಾರುತ್ತೆ ಅಂತ ಅವಳಿಗೇ ನಾಚಿಕೆ" ಎನ್ನುತ್ತಾಳೆ. ಆ ಸಂಕಟವೇ ಈ ಕೆಲಸಕ್ಕೆ ಕರೆತಂದಿತು. ಮೂಗಿಗೆ ಮೂಗು ಒತ್ತಿ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವ 'ಹೊಂಗಿ' ಇಲ್ಲದೆ ಇಲ್ಲಿ ಬಂದವರು ಬಂದಂತಲ್ಲ, ಹೋದವರು ಹೋದಂತಲ್ಲ. ಬಾಯಿ ವಾಸನೆ ಇಂಥ ಊರಿನಲ್ಲಿ ಸಣ್ಣ ವಿಷಯವೇ?

ಈ ವಸತಿಯಲ್ಲೇ ಇರುವ ಎರುವೆರಾ ಅಜ್ಜನ ಪಾಡನ್ನೇ ನೋಡಿ. ಊರ ಸಭಾಮನೆಯ ಅಂಗಳದಲ್ಲಿ ಬಂದವರನ್ನು ಸ್ವಾಗತಿಸಿ ಮಾತಾಡುವ ಹಿರಿಯ ಅವನೇ. ಒಂದು ದಿನ ಮೊಮ್ಮಗಳು ಕಹುರಂಗಿ ಹೊಂಗಿಯ ನಡುವೆ ಮುಖ ಹಿಂದಕ್ಕೆಳೆದಳು. ಅಂದಿನಿಂದ ಅಜ್ಜ ಎಲ್ಲರಿಗೂ ದೂರದಿಂದಲೇ ಕೈ ಚಾಚುತ್ತಿದ್ದಾನೆ. ಪಕ್ಕದ ಕಣಿವೆಯ ಟಿಪೆನೆಗೂ ಹಾಗೆಯೇ ಮಾಡಿದ. ಅಜ್ಜ ಹಳೆಯ ಜಮೀನಿನ ಜಗಳ ಇನ್ನೂ ಮರೆತಿಲ್ಲವೆಂದು ಟಿಪೆನೆಗೆ ಉರಿಯಿತು. ಈಗ ಅವನ ಮಗನಿಗೂ ಕಹುರಂಗಿಗೂ ಮದುವೆಯ ಮಾತು, ಶನಿವಾರ ಬೀಗರು ಬರಬೇಕು. "ಈ ಸಲವೂ ಬರೀ ಕೈ ಕೊಟ್ರೆ ಬಾಗಿಲಿಂದಲೇ ವಾಪಸ್" ಎಂದು ಟಿಪೆನೆ ಹೇಳಿ ಕಳಿಸಿದ್ದಾನೆ.

ಅಜ್ಜ ಸುಮ್ಮನೆ ಕೂತಿರಲಿಲ್ಲ. ಹೊಳೆಯಲ್ಲಿ ವಾರಗಟ್ಟಲೆ ನೆನೆಸಿ ಹುಳಿಬರಿಸಿದ ಮುಸುಕಿನ ಜೋಳದ ಗಂಜಿ ಅವನಿಗೆ ಪ್ರಾಣ. ನಾರುವುದು ಅದೇ ಎಂದು ಅದನ್ನು ಬಿಟ್ಟ. ದಿನವಿಡೀ ಪೆಪ್ಪರ್‌ಮೆಂಟ್ ಚೀಪಿದ. ಭಾಷಣಗಳ ನಡುವೆ ಮೂತ್ರಕ್ಕೆ ಎದ್ದು ಹೋಗಬೇಕಾದೀತೆಂದು ನೀರನ್ನಂತೂ ಮೊದಲೇ ಬಿಟ್ಟಿದ್ದ. ವಾಸನೆ ಮಾತ್ರ ಬಿಡಲಿಲ್ಲ.

"ಬಾಯಿ ತೆಗೀರಿ ಅಜ್ಜ. ಭಾಷಣಕ್ಕೆ ಗಂಟೆಗಟ್ಲೆ ತೆಗೀತೀರಿ, ನಂಗೆ ಒಂದು ನಿಮಿಷ ಆಗಲ್ವಾ?" ಎಂದು ರೊಯ್ಮಾತಾ ಟಾರ್ಚು ಹಿಡಿದಳು.

ನಾಲಿಗೆಯ ಹಿಂಭಾಗದಲ್ಲಿ ಬಿಳಿಯ ದಪ್ಪ ಲೇಪ. ಬಾಯಿ ಒಣ ಒಣ. ಮೇಲೆ ಕಟ್ಟಿಸಿದ ಹಲ್ಲನ್ನು ರಾತ್ರಿಯೂ ತೆಗೆಯುತ್ತಿರಲಿಲ್ಲ.

"ಯಾಕೆ ತೆಗೆಯಲ್ಲ?"

"ನಿದ್ದೇಲೇ ಸತ್ತುಹೋದ್ರೆ? ಮಣ್ಣು ಮಾಡೋವರೆಗೂ ಮೂರು ದಿನ ತೆರೆದ ಶವಪೆಟ್ಟಿಗೇಲಿ ಬೊಚ್ಚು ಬಾಯಿ ಬಿಟ್ಕೊಂಡು ಮಲಗಿರ್ಲಾ, ಊರೆಲ್ಲಾ ನೋಡೋ ಹಾಗೆ?"

"ನೀವು ಸತ್ರೆ ಹಲ್ಲು ಹಾಕೋದು ನನ್ನ ಜವಾಬ್ದಾರಿ. ಈಗ ತೆಗೀರಿ."

ಕೆಳಗೆ ಉಳಿದಿದ್ದ ಸ್ವಂತ ಹಲ್ಲುಗಳ ಸಂದಿಯಲ್ಲಿ ರಕ್ತ ಜಿನುಗುತ್ತಿತ್ತು. ಅಲ್ಲಿಗೆ ತನ್ನ ಬ್ರಷ್ಷು ಸಾಲದೆಂದು ರೊಯ್ಮಾತಾ ತಾನೇ ಕಾರಿನಲ್ಲಿ ದಂತವೈದ್ಯರ ಬಳಿಗೆ ಕರೆದೊಯ್ದಳು. ಅವರು ಒಸಡು ಶುಚಿಮಾಡಿದರು, ಬಿ.ಪಿ. ಮಾತ್ರೆಯಿಂದಲೂ ಬಾಯಿ ಒಣಗುತ್ತದೆ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ ಎಂದರು. ಈಗ ರಾತ್ರಿ ಹಲ್ಲು ಲೋಟದಲ್ಲಿ. ಬೆಳಿಗ್ಗೆ ನಾಲಿಗೆಗೂ ಬ್ರಷ್ಷು, ಸಂದಿಗಳಿಗೆ ದಾರ. ಸಕ್ಕರೆಯ ಪೆಪ್ಪರ್‌ಮೆಂಟು ಕಸದ ಬುಟ್ಟಿಗೆ.

"ಜೋಳದ ವಾಸನೆ ಇದ್ರೂ ತಿಂದಷ್ಟು ಹೊತ್ತು ಅಷ್ಟೇ. ಪಾಪ, ಅದರ ಮೇಲೆ ಸುಮ್ನೆ ಗೂಬೆ ಕೂರಿಸಿದ್ರು" ಎನ್ನುತ್ತಾಳೆ. ತನ್ನ ಬಾಯಿಯ ವಾಸನೆ ತನಗೇ ತಿಳಿಯುವುದು ಕಷ್ಟ. ಹಾಗಾಗಿ ಅಜ್ಜನ ಮೊದಲ ಹೊಂಗಿ ದಿನಾ ಇವಳ ಜೊತೆಗೇ. ನಿನ್ನೆಯವರೆಗೂ "ಇನ್ನೂ ಸ್ವಲ್ಪ ಇದೆ" ಎನ್ನುತ್ತಿದ್ದವಳು ಇಂದು ಹೊಂಗಿ ಮುಗಿಸಿ ಅದೇ ಜೋಳದ ಗಂಜಿಯ ಬಟ್ಟಲು ಮುಂದಿಡುತ್ತಾಳೆ. ಅಜ್ಜನ ಕಣ್ಣು ತುಂಬುತ್ತದೆ.

ಇಂದೇ ಶನಿವಾರ. ಗಂಜಿ ಉಂಡು ಮತ್ತೊಮ್ಮೆ ಬಾಯಿ ತೊಳೆದ ಅಜ್ಜ ಸಭಾಮನೆಯ ಅಂಗಳದಲ್ಲಿ, ಬೀಗರನ್ನು ಎದುರುಗೊಳ್ಳುವ ಸಾಲಿನ ಮೊದಲಲ್ಲಿ ನಿಂತಿದ್ದಾನೆ. ಟಿಪೆನೆ ಮುಖ ಬಿಗಿದುಕೊಂಡೇ ಬಂದು, ಕೈ ಕುಲುಕಿ ಮುಗಿಸುವವನಂತೆ ಕೈ ಚಾಚುತ್ತಾನೆ. ಅಜ್ಜ ಆ ಕೈ ಹಿಡಿದು ಹತ್ತಿರಕ್ಕೆಳೆದು ಹಣೆಗೆ ಹಣೆ, ಮೂಗಿಗೆ ಮೂಗು ಒತ್ತುತ್ತಾನೆ. ಇಬ್ಬರೂ ಬಹಳ ಹೊತ್ತು ಬಿಡುವುದಿಲ್ಲ. ರೊಯ್ಮಾತಾ ಸಭಾಮನೆಯ ಅಡುಗೆಮನೆಯ ಕಿಟಕಿಯಲ್ಲಿ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಾಳೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಆಕೆ ಹೊರಗಿನ ಸಾಲಿನತ್ತ ಗಲ್ಲ ಎತ್ತಿ ತೋರಿಸುತ್ತಾಳೆ.

"ಅಲ್ಲಿ ಯಾರೂ ಉಸಿರು ಬಿಗಿ ಹಿಡೀಬಾರ್ದು. ಅಷ್ಟೇ."