ಟೆರೇಸಿನ ತಂಗಡಿ ಗಿಡ

"ನನ್ನ ಮಗಳ ಉಸುರಿಗಿಂತ ನಿಮ್ಮ ಹೂ ದೊಡ್ಡದೇನ್ರೀ ಅಕ್ಕಾ?"

ಹೋದ ಭಾನುವಾರ ಬಾಗಿಲು ತೆಗೆದ ಕೂಡಲೇ ಈ ಪ್ರಶ್ನೆ. ಕೇಳಿದ್ದು ನಮ್ಮ ಲಗ್ಗೆರೆ ಬಿಲ್ಡಿಂಗಿನ ಕೆಳಗಿನ ಮನೆಯ ರೇಣುಕವ್ವ. ರಾಯಚೂರು ಕಡೆಯವರು, ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಮಗಳು ಭಾಗ್ಯಾಗೆ ಊರಲ್ಲಿ ಒಮ್ಮೆ ಜೇನು ಕಚ್ಚಿ, ಗಂಟಲು ಊದಿ, ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದರಂತೆ. ಇನ್ನೊಮ್ಮೆ ಕಚ್ಚಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ.

ಅಪರಾಧಿ ನನ್ನ ತಂಗಡಿ ಗಿಡ. (ನನ್ನ ಗಿಡಗಳ ಹುಚ್ಚು ನಿಮಗೆ ಗೊತ್ತೇ ಇದೆ.) ಮಾದನಾಯಕನಹಳ್ಳಿ ಹತ್ತಿರ ಗೋಡೌನಿಗೆಂದು ಜೆಸಿಬಿ ನೆಲ ಕೆರೆಯುವ ಮುಂಚೆ ಬೀಜ ಆರಿಸಿ ತಂದು, ಪೇಂಟ್ ಬಕೆಟ್ಟಿನಲ್ಲಿ ಹಾಕಿದ್ದೆ. ಮೊದಮೊದಲು ಬರೀ ಎಲೆ. ಈ ಸಲ ಗಿಡದ ತುಂಬ ಹಳದಿ ಹೂ, ಹಿಂದೆಯೇ ಜೇನುಹುಳ. ನೀರು ಮರೆತರೂ ಮುನಿಸಿಕೊಳ್ಳದೆ ಹೂ ಬಿಡುವ ಕಾಡುಗಿಡ. ಹೇಗೆ ಬಿಸಾಡಲಿ?

ಪಾಠ ಶುರು ಮಾಡಿದೆ. "ಜೇನು ಸುಮ್ಸುಮ್ನೆ ಕಚ್ಚಲ್ಲ ಕಣ್ರೀ. ಹೊಡೆಯೋಕೆ ಹೋದ್ರೆ ಮಾತ್ರ. ಅಲ್ಲಾಡ್ದೆ ನಿಂತ್ರೆ ಅದ್ರ ಪಾಡಿಗೆ ಅದು ಹೋಗುತ್ತೆ."

ರೇಣುಕವ್ವ ಕೇಳಿಸಿಕೊಂಡು ಇಳಿದು ಹೋದರು. ನಾನು ಗೆದ್ದೆ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ನಾವಿಬ್ಬರೂ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಅಮ್ಮನನ್ನು ಹುಡುಕಿಕೊಂಡು ಭಾಗ್ಯಾ ಮೇಲೆ ಬಂದಳು. ಬಂದವಳು ನಮ್ಮೆದುರೇ ಗಕ್ಕನೆ ನಿಂತಳು. ಕುತ್ತಿಗೆಯ ಮೇಲೆ ಜೇನು.

ಕೈಯಲ್ಲಿದ್ದ ಒದ್ದೆ ಟವೆಲ್ ಎತ್ತಿದೆ. ಹೊಡೆಯೋಕೆ. (ಹೌದು, ನಾನೇ!)

ರೇಣುಕವ್ವ ನನ್ನ ಮಣಿಕಟ್ಟು ಹಿಡಿದರು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. ಮಗಳಿಗೆ ಮೆಲ್ಲಗೆ, "ಅಲುಗಾಡಬ್ಯಾಡ ನಮ್ಮವ್ವ. ಹೇಳೀನಲ್ಲ, ಹಂಗ ನಿಂದ್ರು" ಎಂದರು.

ಹುಡುಗಿ ಕಣ್ಣು ಮುಚ್ಚಿ ನಿಂತಳು. ಹುಳ ಕಿವಿಯ ತನಕ ನಡೆಯಿತು. ಅಲ್ಲೇ ನಿಂತಿತು. ಇವಳಿಗೇನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ? ಕೊನೆಗೂ ಅದು ಹಾರಿ ತಂಗಡಿ ಕಡೆ ಹೋಯಿತು.

ಮಗಳನ್ನು ಅಪ್ಪಿಕೊಂಡು ರೇಣುಕವ್ವ ನನ್ನ ಕಡೆ ತಿರುಗಿದರು. "ನೀವ ಹೇಳಿದ್ರಲ್ರೀ ಅಕ್ಕಾ, ಅಲುಗಾಡಬಾರದು ಅಂತ. ಅವತ್ತ ಮಗಳಿಗೂ ಕಲಿಸೀನಿ."

ಅವತ್ತೇ ಸಂಜೆ ಬಕೆಟ್ಟನ್ನು ಇಬ್ಬರೂ ಹಿಡಿದು ಇಳಿಸಿ, ರಸ್ತೆ ತುದಿಯ ಖಾಲಿ ಜಾಗದಲ್ಲಿ ಗಿಡ ನೆಟ್ಟು ಬಂದೆವು.

ನನ್ನ ಮಾತನ್ನು ಅವರು ನಂಬಿದ್ದರು. ನಾನು ನಂಬಿದ್ದೆನಾ?