ಮರಿಯಣ್ಣನ ಗಾಡಿಯ ಕೊಂಡಿ

ಚಾಮರಾಜಪೇಟೆಯ ಪಂಚಾಕ್ಷರಯ್ಯನವರ ಅಂಗಡಿಯಲ್ಲಿ ಮದುವೆ ಮುಂಜಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಪಾತ್ರೆ ತುಂಬಿಸಿ ಕಳಿಸುವವನು ನಾನು, ಛತ್ರಕ್ಕೆ ಮುಟ್ಟಿಸುವವನು ಮರಿಯಣ್ಣ. ಇಬ್ಬರದೂ ಒಂದೇ ವಠಾರ. ಅವನ ಸೈಕಲ್ ಸೀಟಿನ ಕೆಳಗೊಂದು ಕಬ್ಬಿಣದ ಕೊಂಡಿ. ಅದಕ್ಕೆ ಸಿಕ್ಕಿಸಿದ ಎರಡು ಚಕ್ರದ ಮರದ ಗಾಡಿ. ಕೊಪ್ಪರಿಗೆ, ಹಂಡೆ, ಕೊಳಗ ಎಲ್ಲ ಅದರಲ್ಲೇ ಹೋಗಬೇಕು. ಗಾಡಿಯ ಹಿಂದೆ ಅವನ ಹೆಂಡತಿ ಲಕ್ಕಮ್ಮ ನಡೆದು ಬರುತ್ತಿದ್ದಳು. ಸೌಟು, ಮುಚ್ಚಳ ಬಿದ್ದರೆ ಎತ್ತಿಕೊಳ್ಳಲು ಒಬ್ಬರು ಬೇಕಲ್ಲ ಎನ್ನುತ್ತಿದ್ದ ಮರಿಯಣ್ಣ.

ಒಳ್ಳೆಯವನೇ, ಆದರೆ ಕೊಂಡಿಯ ಸುದ್ದಿ ಬಂದರೆ ಅವನ ಬಾಯಿಗೆ ಬೀಗವಿರಲಿಲ್ಲ. ಯುದ್ಧದ ಕಾಲದಲ್ಲಿ ಹಾಕಿಸಿದ್ದು, ಇವತ್ತಿಗೂ ಜಪ್ಪಯ್ಯ ಅಂದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಐವತ್ತನಾಲ್ಕನೆಯ ಇಸವಿಯಲ್ಲಿ ಲಕ್ಕಮ್ಮ ಮಂಡಿನೋವು ಅನ್ನತೊಡಗಿದಳು.

"ಕೈಬೀಸ್ಕೊಂಡು ನಡೆಯೋಕೂ ನೋವಾ? ತುಳಿಯೋನು ನಾನು!" ಎಂದು ಮರಿಯಣ್ಣ ನಕ್ಕ. ಕೊನೆಗೊಂದು ದಿನ ಅವಳು ಏಳಲಾಗದೆ ಮನೆಯಲ್ಲೇ ಉಳಿದಳು. ಆ ವಾರವೇ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಕೊಂಡಿ ಮುರಿಯಿತು.

ವೆಲ್ಡಿಂಗ್ ದೊರೆಸ್ವಾಮಿ ಬೆಸೆದುಕೊಟ್ಟ. ಮತ್ತೆ ಮುರಿಯಿತು. ದಪ್ಪನೆಯದು ಮಾಡಿಸಿದರೆ ಅದೂ ಬಾಗಿತು. ಮರಿಯಣ್ಣ ಅವನ ಮೇಲೆ ಎಗರಾಡಿದ. "ಕಬ್ಬಿಣ ಹಾಕಿದ್ಯೋ, ಬೆಲ್ಲ ಹಾಕಿದ್ಯೋ?"

"ಅಣ್ಣಾ, ಹಳೇದ್ರ ಎರಡರಷ್ಟು ದಪ್ಪ ಐತೆ. ಇನ್ಮೇಲೆ ರೈಲಿನ ಕೊಂಡಿನೇ ತಂದು ಹಾಕ್ಸ್ಕೊಳ್ಳಿ," ಅಂದ ದೊರೆಸ್ವಾಮಿ.

ಎರಡು ಕೊಪ್ಪರಿಗೆ ನೆಗ್ಗಿದ ಮೇಲೆ ಪಂಚಾಕ್ಷರಯ್ಯನವರೂ ಬೇಸತ್ತರು. "ಇನ್ನೊಂದ್ಸಲ ಬೀಳಿಸಿದ್ರೆ ಎತ್ತಿನ ಗಾಡಿಗೆ ಹೇಳ್ಬಿಡ್ತೀನಿ ಮರಿಯಣ್ಣ. ಬೇಜಾರು ಮಾಡ್ಕೋಬೇಡ."

ಐವತ್ತು ದಾಟಿದವನನ್ನು ಇನ್ಯಾರು ಕರೆದು ಕೆಲಸ ಕೊಡುತ್ತಾರೆ? ಮರಿಯಣ್ಣನಿಗೆ ಊಟ ಸೇರದಂತಾಯಿತು.

ಮುಂದಿನ ಮದುವೆಗೆ ನನ್ನನ್ನೂ ಜೊತೆಗೆ ಕಳಿಸಿದರು. ಅದೇ ಏರು. ನಾನು ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದೆ, ಮರಿಯಣ್ಣ ಎದ್ದು ನಿಂತು ತುಳಿದ. ಕೊಂಡಿ ಠಕ್ಕೆಂದು ಕಿತ್ತುಬಂತು. ಗಾಡಿ ಹಿಂದಕ್ಕೆ ಉರುಳದಂತೆ ನಾನು ಚಕ್ರಕ್ಕೆ ಕಲ್ಲು ಕೊಟ್ಟೆ. ಪುಣ್ಯಕ್ಕೆ ಒಂದು ಪಾತ್ರೆಯೂ ಬೀಳಲಿಲ್ಲ. ಮರಿಯಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿ, "ನೀನು ಮುಂದ್ಗಡೆ ಮೂಕಿ ಮರ ಹಿಡಿದು ಎಳಿ, ನಾನು ಹಿಂದ್ಗಡೆಯಿಂದ ತಳ್ತೀನಿ," ಅಂದ.

ಎಳೆದೆ. ಗಾಡಿ ಅಲ್ಲಾಡಲಿಲ್ಲ. "ತಳ್ಳಣ್ಣ!" ಎಂದು ಕೂಗಿದೆ. ರೇಗಿಹೋಗಿ ಹಿಂದೆ ಬಂದು ನೋಡಿದರೆ, ಅವನು ಹಿಂದಿನ ಹಲಗೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದ. ಹಲಗೆಯೆಲ್ಲ ಒರಟು, ಸಿಬಿರು. ಎರಡು ಕಡೆ ಮಾತ್ರ ಸವೆದು, ತುಸು ತಗ್ಗಾಗಿ, ಹಳೆಯ ಲಟ್ಟಣಿಗೆಯಷ್ಟು ನುಣುಪಾಗಿತ್ತು. ಮರಿಯಣ್ಣನ ಅಂಗೈ ಆ ತಗ್ಗುಗಳಿಗಿಂತ ದೊಡ್ಡದು. ಅವನ ಮುಖ ನೋಡಿ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ಹೇಗೋ ಛತ್ರ ಮುಟ್ಟಿಸಿದೆವು. ಅಂಗಡಿಗೆ ಬಂದವನೇ ಮರಿಯಣ್ಣ, "ಎತ್ತಿನ ಗಾಡಿಗೆ ಹೇಳ್ಬಿಡಿ ಯಜಮಾನ್ರೇ, ನನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು," ಅಂದ. ಪಂಚಾಕ್ಷರಯ್ಯನವರೇ ಬೆಪ್ಪಾಗಿ ನಿಂತರು.

ಸಂಜೆ ವಠಾರದಲ್ಲಿ ಲಕ್ಕಮ್ಮ ಬಾಗಿಲಿಗೆ ಒರಗಿ ಕಾಲು ಚಾಚಿ ಕೂತಿದ್ದಳು.

"ಇವತ್ತೂ ಮುರೀತಾ?"

ಮರಿಯಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. "ನೀನು ತಳ್ತಿದ್ದೆ."

"ಹೂಂ."

"ಎಲ್ಲಾ ಏರಲ್ಲೂವಾ?"

"ಇನ್ನೇನು, ನೀನೊಬ್ನೇ ಎಳ್ದುಬಿಡ್ತಿದ್ದಾ?"

"ಒಂದು ಮಾತು ಹೇಳ್ಬಾರ್ದಾಗಿತ್ತಾ ಲಕ್ಕಿ?"

ಲಕ್ಕಮ್ಮ ಮಂಡಿ ನೀವಿಕೊಳ್ಳುತ್ತಿದ್ದಳು. ಅವನ ಕಡೆ ತಿರುಗಲಿಲ್ಲ.

"ಹೇಳಿದ್ನಲ್ಲ, ಮಂಡಿ ನೋಯ್ತದೆ ಅಂತ."