ಪ್ರಚಾರದ ಆಟೋದಾಗಿನ ದನಿ

ಬಿ.ಎಡ್. ಮುಗಿಸಿದ ಮ್ಯಾಲೆ ಕೆಲಸ ಹುಡುಕೂದ ನನಗ ಕೆಲಸ ಆಗಿತ್ತು. ವಿದ್ಯಾಗಿರಿಯ ಒಂದು ಖಾಸಗಿ ಸಾಲ್ಯಾಗ ಕನ್ನಡ ಮಾಸ್ತರ ಹುದ್ದೆಗೆ ಸಂದರ್ಶನ ಇತ್ತು. ಇಂಥಾದ್ದಕ್ಕ ಹೋಗೂ ಮುಂಚೆ ಫೋನಿನ ಸ್ಟೇಟಸ್‌ನ್ಯಾಗ ಸರ್ಕಾರಕ್ಕ ಬೈದಿದ್ದನ್ನ ತಪ್ಪದ ಅಳಿಸ್ತೇನಿ. ಅವತ್ತೂ ಬಾದಾಮಿ ಬಸ್ಸಿನ್ಯಾಗ ಕೂತು, ಕೆರೂರ ದಾಟೂದ್ರಾಗ ಎಲ್ಲಾ ಅಳಿಸಿದ್ದೆ.

ಹೆಡ್‌ಮಾಸ್ತರ್ರು ಪಾಠದ ಮಾತು ಮುಗಿಸಿ ನಾ ಅಂಜಿದ್ದ ವಿಷಯಕ್ಕೇ ಬಂದ್ರು. "ನಮ್ಮಲ್ಲಿ ರಾಜಕೀಯ ನಡೆಯೂದಿಲ್ಲ ನೋಡ್ರಿ. ನಿಮಗ ಅದರ ಹುಚ್ಚೇನೂ ಇಲ್ಲಲ್ರಿ?"

"ಛೇ, ಇಲ್ರಿ ಸರ," ಅಂದೆ.

ಅಷ್ಟರಾಗ ಕಿಟಕಿ ಹೊರಗ ಚುನಾವಣೆ ಪ್ರಚಾರದ ಆಟೋ ಬಂತು. ಮೈಕಿನ್ಯಾಗ ಪ್ರಾಸ ಕಟ್ಟಿ ಮತ ಕೇಳೂ ದನಿ ನಂದು. ಪದ್ಯ ಬರದು, ಹಾಡಿ, ರೆಕಾರ್ಡ್ ಮಾಡೂದು ನನ್ನ ಹವ್ಯಾಸ. ಚುನಾವಣೆ ಬಂದ್ರ ಅದಕ್ಕೂ ಗಿರಾಕಿ ಬರ್ತಾರ.

ಹೆಡ್‌ಮಾಸ್ತರ್ರು ಕಿಟಕಿ ನೋಡಿದ್ರು, ನನ್ನ ನೋಡಿದ್ರು. "ಈ ದನಿ ನಿಮ್ದಲ್ರಿ?"

ನಾ ಬಾಯಿ ತೆಗೆಯೂದ್ರಾಗ ಎದುರು ಪಕ್ಷದ ಆಟೋ ಬಂತು. ಅದರಾಗೂ ನಾನ. ಈಗಷ್ಟ ಹೊಗಳಿದವರನ್ನ ಅಷ್ಟೇ ಚೆಂದಾಗಿ ಉಗಿಯಾಕತ್ತಿದ್ದೆ.

"ಹಂಗಾರ ನಿಮ್ಮ ಮತ ಯಾರಿಗ್ರಿ?"

"ಇಬ್ಬರಿಗೂ ಇಲ್ರಿ ಸರ." ಅವತ್ತು ನಾ ಆಡಿದ ಖರೇ ಮಾತು ಅದೊಂದ. ಕೆಲಸ ಹೋತು ಅಂತ ಎದ್ದು ನಿಂತೆ.

ಅವರು ದನಿ ಸಣ್ಣ ಮಾಡಿದ್ರು. "ಕುಂದರ್ರಿ. ನಮ್ಮ ಆಡಳಿತ ಮಂಡಳಿ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ. ವರ್ಷಾ ಆಗೂ ಸಾಲಿ ಗ್ಯಾದರಿಂಗ್‌ನ್ಯಾಗ ವೇದಿಕೆ ಮ್ಯಾಲೆ ಇಬ್ಬರನ್ನೂ ಹೊಗಳವ್ರು ಒಬ್ರು ಬೇಕಾಗಿದ್ರು. ಸೋಮವಾರದಿಂದ ಬರ್ರಿ."

ಈಗ ಅಲ್ಲೇ ಕಲಿಸ್ತೇನಿ. ನನ್ನ ಸ್ವಂತ ಅಭಿಪ್ರಾಯಕ್ಕ ಮಾತ್ರ ಇನ್ನೂ ಯಾರೂ ಆಟೋ ಹಚ್ಚಿಲ್ಲ.